ಗಿಡ್ಡ ಬಾಗಿಲಿನ ಗರಡಿ

ಕುಷ್ಟಗಿಯ ಹುಚ್ಚೀರಪ್ಪ ವಸ್ತಾದನ ಗರಡಿಮನೆಗೆ ಇದ್ದ ಬಾಗಿಲು ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಕಟ್ಟಿದ ಗೌಂಡಿಗೆ ಅಳತೆ ತಿಳಿಯಲಿಲ್ಲವೆಂದು ನಗಬೇಡಿ, ಗರಡಿಯ ಬಾಗಿಲು ಇರಬೇಕಾದದ್ದೇ ಹಾಗೆ. ಊರಗೌಡನೇ ಬರಲಿ, ಕುರಿ ಕಾಯುವವನೇ ಬರಲಿ, ಒಳಗೆ ಕಾಲಿಡುವ ಮೊದಲು ತಲೆ ತಗ್ಗಿಸಬೇಕು. ತೋಳಿನ ಸೊಕ್ಕನ್ನು ಹೊರಗೆ ಚಪ್ಪಲಿಯ ಪಕ್ಕದಲ್ಲಿ ಬಿಟ್ಟು ಬರಲಿ ಎಂದು ಹಿರಿಯರು ಹೂಡಿದ ಉಪಾಯ ಅದು. ತಗ್ಗಿಸಿದ ತಲೆ ಎತ್ತಿದರೆ ಎದುರು ಗೋಡೆಯಲ್ಲಿ ಕೆಮ್ಮಣ್ಣಿನಿಂದ ಬರೆದ ಹನುಮಪ್ಪ, ಅವನ ಮುಂದೆ ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಕುಸ್ತಿಯ ಕಣ. ಕಣದ ಅಂಚಿಗೆ ವಸ್ತಾದ ಕುಳಿತಿರುತ್ತಿದ್ದ. ಅವನ ಬಲಗಾಲು ಹರೆಯದಲ್ಲಿ ಕುಸ್ತಿಯಲ್ಲಿಯೇ ಮುರಿದು, ನಾಟಿ ವೈದ್ಯ ಕೂಡಿಸಿದ ಮೇಲೆ ಮಡಚುವುದನ್ನೇ ಮರೆತಿತ್ತು. ಅದನ್ನು ನೆಟ್ಟಗೆ ಮುಂದಕ್ಕೆ ಚಾಚಿಕೊಂಡೇ ಅವನ ದರ್ಬಾರು. ಬಂದವರು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು, ಆಮೇಲೆ ಬಾಗಿ ವಸ್ತಾದನ ಪಾದ ಮುಟ್ಟಬೇಕು. ಸಾಮು, ಪಟ್ಟು, ಪಾಠ ಎಲ್ಲ ಆಮೇಲಿನ ಮಾತು.

ಮೀಸೆ ಮೂಡುವುದಕ್ಕೂ ಮೊದಲಿನಿಂದ ಪಿಂಜಾರರ ಉಮರಸಾಬ ಆ ಬಾಗಿಲಲ್ಲಿ ತಲೆ ತಗ್ಗಿಸಿ ಬಂದವನು. ಅವನ ಅಪ್ಪ ಮನೆಮನೆಗೆ ಹೋಗಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಆ ಅಪ್ಪ ಬೇಗ ಹೋಗಿಬಿಟ್ಟು, ಹಿಂಜುವ ಬಿಲ್ಲು ಮಗನ ಹೆಗಲಿಗೆ ಬಂತು. ದಿನಪೂರ್ತಿ ಬಿಲ್ಲಿನ ತಂತಿ ಮೀಟಿದ ತೋಳು ನೋಡಿ ಹುಚ್ಚೀರಪ್ಪನ ಬಾಯಲ್ಲಿ ನೀರೂರಿತು. ಇಂಥ ತೋಳು ಬರೀ ಗಾದಿಗೆ ಖರ್ಚಾಗುವುದು ಪಾಪ ಎಂದು ಅವನನ್ನು ಗರಡಿಗೆ ಎಳೆದು ತಂದ. ಮಕ್ಕಳಿಲ್ಲದ ಮನೆ. ವಸ್ತಾದನ ಹೆಂಡತಿ ಪಕ್ಕೀರವ್ವ ಆಡಿನ ಹಾಲು ಕರೆದು ಮೊದಲ ಚರಿಗೆ ಉಮರಸಾಬನಿಗೆ, ಉಳಿದದ್ದು ಗಂಡನಿಗೆ ಅನ್ನುವಳು. ಗಂಡನೂ ಇದಕ್ಕೆ ತಕರಾರು ತೆಗೆದವನಲ್ಲ. ಮೊಹರಮ್ಮಿನಲ್ಲಿ ಗರಡಿಯವರೆಲ್ಲ ಬೆಂಕಿಯ ಕುಣಿಯ ಸುತ್ತ ಅಲಾಯಿ ಕುಣಿಯುವರು, ಹನುಮಪ್ಪನ ಹೋಳಿಗೆಗೆ ಉಮರಸಾಬನೇ ಮೊದಲ ಪಂಕ್ತಿ. ಯಾವ ದೇವರು ಯಾರದು ಎಂದು ಅಳೆದು ಹಂಚುವ ತಕ್ಕಡಿ ಆ ಗರಡಿಯಲ್ಲಿ ಇರಲಿಲ್ಲ.

ಜರ್ಮನಿಯ ಲಡಾಯಿ ಶುರುವಾದ ಮರುವರ್ಷ ಉಮರಸಾಬನ ತಾಯಿ ತೀರಿಕೊಂಡಳು. ಕಣ್ಣು ಮುಚ್ಚುವ ಮೊದಲು ಮಗನ ಕೈ ಹಿಡಿದು, ಐದು ಹೊತ್ತಿನ ನಮಾಜು ಬಿಡಬೇಡ ಎಂದು ಮಾತು ತೆಗೆದುಕೊಂಡಳು. ಅಲ್ಲಿಯವರೆಗೆ ಅವನ ನಮಾಜು ಎರಡು ಹಬ್ಬಕ್ಕೆ ಮೀಸಲಾಗಿತ್ತು. ಹೊಸ ಅಂಗಿ ತೊಟ್ಟು ಹೋಗಿ, ನಾಲ್ಕು ಮಂದಿಯನ್ನು ಎಲುಬು ನುರಿಯುವಂತೆ ಅಪ್ಪಿಕೊಂಡು ಬಂದರೆ ಮುಗಿಯಿತು. ಈಗ ತಾಯಿಯ ಮಾತು ಎದೆಯಲ್ಲಿ ಗಟ್ಟಿಯಾಗಿ ಕುಳಿತಿತು. ನಸುಕಿನಲ್ಲಿ ಎದ್ದು ಮಸೀದಿಗೆ ಹೋಗತೊಡಗಿದ. ಹೋಗುತ್ತ ಹೋಗುತ್ತ ಅಲ್ಲಿಯ ಶಾಂತಿ ಅವನಿಗೆ ಹಿಡಿಸಿತು. ತಾಯಿಯ ಸಲುವಾಗಿ ಹೋದವನು ತನ್ನ ಸಲುವಾಗಿ ಹೋಗುವಂತಾದ.

ಮಸೀದಿಗೆ ಆಗಷ್ಟೇ ರಾಯಚೂರಿನಿಂದ ಹುಸೇನಬಾಷಾ ಎಂಬ ಮೌಲ್ವಿ ಬಂದಿದ್ದ. ಗಾಳಿ ಜೋರಾದರೆ ಗಡ್ಡ ಹಿಡಿದು ನಿಲ್ಲಿಸಬೇಕಾದಂಥ ಒಣಕಲು ಮನುಷ್ಯ. ಆದರೆ ಮಾತು ಮೆತ್ತಗೆ, ಮನಸ್ಸು ಇನ್ನೂ ಮೆತ್ತಗೆ. ಒಂದು ಶುಕ್ರವಾರ ನಮಾಜು ಮುಗಿದ ಮೇಲೆ ಉಮರಸಾಬ ಅವನ ಮುಂದೆ ಕುಳಿತು, ಪೈಲ್ವಾನಕಿ ನಮ್ಮ ದೀನದಲ್ಲಿ, ನಮ್ಮ ಧರ್ಮದಲ್ಲಿ, ತಪ್ಪೇ ಎಂದು ಕೇಳಿದ. ಮೌಲ್ವಿ ನಕ್ಕ. ತಪ್ಪೆಲ್ಲಿಂದ ಬಂತು ಎಂದ. ಮಕ್ಕಾದಲ್ಲಿ ಸೋಲನ್ನೇ ಕಾಣದ ಒಬ್ಬ ಜಟ್ಟಿ ಇದ್ದನೆಂದೂ, ಅವನ ಸಂಗಡ ಸ್ವತಃ ಪೈಗಂಬರರೇ ಕುಸ್ತಿ ಹಿಡಿದು ಅವನನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿದರೆಂದೂ, ಅವನು ಪಣಕ್ಕಿಟ್ಟಿದ್ದ ಕುರಿಗಳನ್ನು ಅವನಿಗೇ ತಿರುಗಿ ಕೊಟ್ಟರೆಂದೂ ರಸವತ್ತಾಗಿ ಹೇಳಿದ. ಮೈ ಗಟ್ಟಿ ಇಟ್ಟುಕೊಂಡ ಭಕ್ತ ಅಲ್ಲಾಹನಿಗೆ ಪ್ರೀತಿ ಎಂದ. ಉಮರಸಾಬನ ಎದೆ ಒಂದು ಗೇಣು ಉಬ್ಬಿತು.

ಅಲ್ಲಿಗೇ ಎದ್ದು ಬಂದಿದ್ದರೆ ಅವನು ಸುಖವಾಗಿರುತ್ತಿದ್ದ. ಆದರೆ ಖುಷಿಯಾದ ಮನುಷ್ಯನಿಗೆ ಸುಮ್ಮನಿರಲು ಬರುವುದಿಲ್ಲ. ಹಂಗಾದರೆ ನಾವು ಗರಡಿಯಲ್ಲಿ ಮಾಡುವುದೆಲ್ಲ ಸರಿಯೇ ಹಜರತ್ ಎಂದು ಇನ್ನೊಂದು ಪ್ರಶ್ನೆ ಕೇಳಿದ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ.

ಮೌಲ್ವಿಗೆ ಸುಳ್ಳು ಹೇಳಲು ಬಾರದು. ಏನೇನು ಮಾಡುತ್ತೀರಿ ಎಂದು ಕೇಳಿ ತಿಳಿದುಕೊಂಡು, ಒಂದೊಂದಾಗಿ ಹೇಳಿದ. ಗಂಡಸು ಹೊಕ್ಕಳಿನಿಂದ ಮೊಣಕಾಲವರೆಗೆ ಮೈ ಮುಚ್ಚಬೇಕು, ಲಂಗೋಟಿಯಲ್ಲಿ ತೊಡೆ ಬಿಟ್ಟುಕೊಂಡು ನೂರು ಮಂದಿಯ ಮುಂದೆ ನಿಲ್ಲಬಾರದು. ಜೂಜು ಕಟ್ಟಿ ಆಡಬಾರದು. ಎಷ್ಟೇ ದೊಡ್ಡ ಕುಸ್ತಿಯಿದ್ದರೂ ನಮಾಜು ತಪ್ಪಬಾರದು. ಇಷ್ಟು ಹೇಳಿ, ಕಡೆಯ ಮಾತನ್ನು ಮೆಲ್ಲಗೆ ಹೇಳಿದ. ತಲೆ ಬಾಗುವುದು ಅಲ್ಲಾಹನಿಗೊಬ್ಬನಿಗೇ. ತಾಯಿಗೂ ಇಲ್ಲ, ತಂದೆಗೂ ಇಲ್ಲ, ವಸ್ತಾದನಿಗೂ ಇಲ್ಲ.

ಮೊದಲಿನ ಮೂರು ಮಾತು ಉಮರಸಾಬ ಹೆದರಿದಷ್ಟು ಕಷ್ಟವಾಗಲಿಲ್ಲ. ಹೆಂಡತಿ ಸೈದಾನಬಿ ದಪ್ಪ ಬಟ್ಟೆಯಲ್ಲಿ ಮೊಣಕಾಲು ಮುಚ್ಚುವ ಚಣ್ಣ ಹೊಲಿದು ಕೊಟ್ಟಳು. ಅದನ್ನು ಹಾಕಿಕೊಂಡು ತೊಡೆ ತಟ್ಟಿದರೆ ಗುಂಡಿನಂಥ ಸಪ್ಪಳ ಬರುವ ಬದಲು ಹಳೆಯ ಗಾದಿ ಬಡಿದಂತೆ ಧಪ್ ಅಂದಿತು. ಗರಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಜೋಡಿಯಾದವನು ಆ ಚಣ್ಣದ ಅಂಚನ್ನೇ ಮುಷ್ಟಿಯಲ್ಲಿ ಹಿಡಿದು ಉಮರಸಾಬನನ್ನು ಜೋಳದ ಚೀಲದಂತೆ ಎತ್ತಿ ಒಗೆದ. ಬಟ್ಟೆ ಹೆಚ್ಚಾದಷ್ಟೂ ಎದುರಾಳಿಯ ಕೈಗೆ ಹಿಡಿತ ಸಿಗುತ್ತದೆ, ಇದು ಕುಸ್ತಿಯ ನ್ಯಾಯ. ಹುಚ್ಚೀರಪ್ಪ ಸಿಟ್ಟಾಗಲಿಲ್ಲ. ಚಣ್ಣವನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿ, ಮೈಗೆ ಅಂಟುವಂತೆ ಬಿಗಿಯಾಗಿ ಹೊಲಿಸಿದ, ಮೊಣಕಾಲ ಕೆಳಗೆ ಲಾಡಿ ಕಟ್ಟಿಸಿದ, ಕಣಕ್ಕೆ ಇಳಿಯುವ ಮೊದಲು ನೀರಲ್ಲಿ ನೆನೆಸಿ ಹಾಕಿಕೋ ಎಂದ. ಹಿಡಿಯಲು ಹೋದವನ ಬೆರಳು ಜಾರತೊಡಗಿದವು. ಜೂಜಿನವರನ್ನು ವಸ್ತಾದ ಮೊದಲಿನಿಂದಲೂ ಗರಡಿಯ ಹತ್ತಿರ ಸುಳಿಯಗೊಟ್ಟವನಲ್ಲ. ನಮಾಜಿನ ಹೊತ್ತಿಗೆ ಅವನೇ, ಹೊತ್ತಾಯಿತು ಏಳು ಎಂದು ಎಬ್ಬಿಸುತ್ತಿದ್ದ. ಉಳಿದದ್ದು ಒಂದೇ ಮಾತು. ಅದನ್ನು ಹೇಳಲು ಉಮರಸಾಬನಿಗೆ ನಾಲಿಗೆ ಏಳಲಿಲ್ಲ.

ಹೇಳಲಾಗದವನು ಮಾಡಿ ತೋರಿಸಲು ಹೋದ. ಅಲ್ಲಿಯೇ ಕೆಟ್ಟಿತು. ಮೌಲ್ವಿ ಗೇಣು ಹೇಳಿದರೆ ಇವನು ಮಾರು ಹಾರಿದ. ಬಾಗಿಲಲ್ಲಿ ತಲೆ ತಗ್ಗಿಸಿದರೆ ಎದುರಿಗೆ ಹನುಮಪ್ಪ, ಅಂದರೆ ಹನುಮಪ್ಪನಿಗೆ ಬಾಗಿದಂತೆಯೇ ಆಯಿತಲ್ಲ ಎಂದು ತನ್ನಷ್ಟಕ್ಕೇ ಲೆಕ್ಕ ಹಾಕಿದ. ಇದರ ಬಗ್ಗೆ ಮೌಲ್ವಿಯನ್ನು ಕೇಳಲಿಲ್ಲ. ಇಡೀ ರಾತ್ರಿ ವಿಚಾರ ಮಾಡಿ ಒಂದು ಯುಕ್ತಿ ಹುಡುಕಿದ. ಮರುದಿನ ಎಲ್ಲರೂ ಒಳಗೆ ಸಾಮು ಮಾಡುತ್ತಿದ್ದಾಗ ಬಾಗಿಲಿಗೆ ಬೆನ್ನು ಹಾಕಿ, ಕುಕ್ಕರಗಾಲಿನಲ್ಲಿ ಕುಳಿತು, ತಲೆ ನೆಟ್ಟಗಿಟ್ಟುಕೊಂಡು ಹಿಂದಹಿಂದಕ್ಕೆ ಸರಿಯುತ್ತ ಒಳಗೆ ಬಂದ. ಗಣಪ್ಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಬಾಗಬಾರದೆಂದು ಬಂದವನ ಅಂಡೇ ಮೊದಲು ಗರಡಿಯೊಳಗೆ ಪ್ರವೇಶ ಮಾಡಿತು, ಹನುಮಪ್ಪನ ಕಡೆಗೂ ವಸ್ತಾದನ ಕಡೆಗೂ ಮುಖ ಮಾಡಿಕೊಂಡು.

ಒಬ್ಬರೂ ನಗಲಿಲ್ಲ. ಬಸ್ಕಿ ಹೊಡೆಯುತ್ತಿದ್ದವರು ಅರ್ಧಕ್ಕೇ ನಿಂತರು. ಹುಚ್ಚೀರಪ್ಪ ಕೈಯಲ್ಲಿದ್ದ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟ.

"ಲೇ ಉಮರ್ಯಾ, ಇದೇನಲೇ ಇದು? ಮುಕಳಿ ತೋರಿಸಿ ಒಳಗ ಬರಾಕ ನಾ ಕಲಿಸೇನೇನು ನಿನಗ?"

ಉಮರಸಾಬ ಎದ್ದು ನಿಂತು ಬೆವರು ಒರೆಸಿಕೊಂಡ. ತಪ್ಪು ತಿಳಿಯಬೇಡಿ ವಸ್ತಾದರೇ ಎಂದು ಶುರು ಮಾಡಿ, ತಮ್ಮ ದೀನದಲ್ಲಿ ಅಲ್ಲಾಹನನ್ನು ಬಿಟ್ಟು ಯಾರಿಗೂ ತಲೆ ಬಾಗಿಸಬಾರದಂತೆ ಎಂದ.

"ಯಾರಿಗೂ ಅಂದ್ರ? ನನಗೂ?"

"ನಿಮಗೂ ರೀ."

ಹುಚ್ಚೀರಪ್ಪ ತನ್ನ ಚಾಚಿದ ಕಾಲನ್ನೇ ನೋಡಿದ. "ನಿಮ್ಮ ಅಲ್ಲಾ ದೊಡ್ಡಾವ" ಎಂದ. "ನಾ ಏನು ಅವನ ಸಂಗಾಟ ಕುಸ್ತಿಗಿ ನಿಂತೇನೇನಲೇ? ನಮ್ಮ ವಸ್ತಾದ ಯಲಬುರ್ಗಿ ರಾಜಾಸಾಬ. ಅವನೂ ನಿಮ್ಮಾವನ. ಅವನ ಪಾದ ನಾ ಮುಟ್ಟೇನಿ, ಅವನು ಅವರ ವಸ್ತಾದನ ಪಾದ ಮುಟ್ಯಾನ. ಆ ಎಳಿ ನನ್ನ ಕಾಲಾಗ ಬಂದು ಹರೀಬೇಕೇನು?"

ಉತ್ತರವಿಲ್ಲದವನಿಗೆ ಸಿಟ್ಟು ಬೇಗ ಬರುತ್ತದೆ. ಗೋಡೆಯ ಬಣ್ಣಕ್ಕೆ ಬಾಗುವವರಿಗೆ ನನ್ನ ದೀನ ಏನು ತಿಳಿಯುತ್ತದೆ ಎಂದು ಉಮರಸಾಬ ಅಂದುಬಿಟ್ಟ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ತನ್ನ ಬಾಯಿಂದ ಬಂದದ್ದನ್ನು ಕೇಳಿ ಅವನಿಗೇ ಗಾಬರಿಯಾಯಿತು. ಹುಚ್ಚೀರಪ್ಪ ಬೈಯಲಿಲ್ಲ, ಕೈ ಎತ್ತಲಿಲ್ಲ, ಬಾಗಿಲು ತೋರಿಸಿದ. ಉಮರಸಾಬ ಹೊರಗೆ ಬಂದ. ಬರುವಾಗ ಬಾಗಿಲಲ್ಲಿ ತಲೆ ಬಾಗಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಇದು ಬರೀ ಮನಸ್ಸಿನ ಮುರಿತವಾಗಿದ್ದರೆ ಹೇಗೋ ನುಂಗಬಹುದಿತ್ತು. ಆದರೆ ಕೊಪ್ಪಳದ ಹತ್ತಿ ವ್ಯಾಪಾರಸ್ತರು ಸುಗ್ಗಿ ಮುಗಿಯುವ ಹೊತ್ತಿಗೆ ಹತ್ತಿ ಬಿಡಿಸುವ ಜಿನ್ನಿನ ಅಂಗಳದಲ್ಲಿ ಕುಸ್ತಿ ಇಟ್ಟಿದ್ದರು. ಗಂಗಾವತಿಯ ಮಾರೆಪ್ಪನಿಗೆ ಉಮರಸಾಬನೇ ಜೋಡಿ ಎಂದು ಹುಚ್ಚೀರಪ್ಪ ಮೊದಲೇ ಮಾತು ಕೊಟ್ಟು ಬಂದಿದ್ದ. ಗೆದ್ದವನಿಗೆ ಬೆಳ್ಳಿಯ ಕಡಗ. ಕಡಗ ಹಾಳಾಗಿ ಹೋಗಲಿ. ಎಲ್ಲಾ ಕಣದಲ್ಲೂ ಒಂದು ಕಟ್ಟಳೆ ಇತ್ತು. ಎಲ್ಲರ ಮುಂದೆ ವಸ್ತಾದನ ಪಾದ ಮುಟ್ಟಿ ಅಪ್ಪಣೆ ಪಡೆಯದ ಪೈಲ್ವಾನನನ್ನು ಪಂಚರು ಕಣಕ್ಕೆ ಬಿಡುತ್ತಿರಲಿಲ್ಲ. ವಸ್ತಾದನಿಲ್ಲದ ಪೈಲ್ವಾನನೆಂದರೆ ತಂದೆಯ ಹೆಸರಿಲ್ಲದವನ ಹಾಗೆ. ಇತ್ತ ದರಿ, ಅತ್ತ ಪುಲಿ. ಪಾದ ಮುಟ್ಟಲು ಬಾಗಿದರೆ ತಾಯಿಗೆ ಕೊಟ್ಟ ಮಾತಿನ ಸಲುವಾಗಿ ಹಿಡಿದು, ಆಮೇಲೆ ಮನಸಾರೆ ತನ್ನದಾಗಿಸಿಕೊಂಡ ದಾರಿ ಹೋಯಿತು. ಬಾಗದಿದ್ದರೆ ತಂದೆಯ ಜಾಗದಲ್ಲಿ ನಿಂತ ಮನುಷ್ಯ ಹೋದ.

ಮನೆಯಲ್ಲಿ ಕುಳಿತು ಹತ್ತಿ ಹಿಂಜಿದ. ಬಿಲ್ಲಿನ ಮೇಲೆ ಸಿಟ್ಟು ತೀರಿಸಿಕೊಂಡು ಮನೆ ತುಂಬ ಅರಳೆ ಹಾರಿಸಿದ. ಸೈದಾನಬಿ ಅನ್ನದಲ್ಲಿ, ಕೂಸಿನ ತೊಟ್ಟಿಲಲ್ಲಿ, ತನ್ನ ತಲೆಯಲ್ಲಿ ಅರಳೆ ಆರಿಸಿ ಬೇಸತ್ತಳು. ಬಾವಿಯ ಹತ್ತಿರ ಪಕ್ಕೀರವ್ವ ಸಿಕ್ಕಿದ್ದಳಂತೆ. ಅಲ್ಲಿಯೂ ಅದೇ ಕಥೆ. ಹಾಲಿನ ಮೊದಲ ಚರಿಗೆ ಹಾಗೇ ಉಳಿಯುತ್ತದೆ, ಮುದುಕ ಅದನ್ನು ತಾನೂ ಕುಡಿಯುವುದಿಲ್ಲ, ಇನ್ನೊಬ್ಬರಿಗೂ ಕೊಡಗೊಡುವುದಿಲ್ಲ, ಕೆಡಿಸಿ ಚೆಲ್ಲಿಸುತ್ತಾನೆ. ಇದನ್ನು ಹೇಳಿ ಸೈದಾನಬಿ, ಇಬ್ಬರು ಗಟ್ಟಿಗಂಡಸರು ಸೇರಿ ಎರಡು ಮನೆಯ ಹೆಂಗಸರ ಜೀವ ತಿನ್ನುತ್ತಿದ್ದೀರಿ ಎಂದು ಗಂಡನನ್ನು ಝಾಡಿಸಿದಳು. ಅವನು ಬಿಲ್ಲು ಕೆಳಗಿಟ್ಟು ಮಸೀದಿಗೆ ನಡೆದ.

ಹುಸೇನಬಾಷಾ ಎಲ್ಲವನ್ನೂ ಕೇಳಿದ. ಹಿಂದುಮುಂದಾಗಿ ಬಾಗಿಲು ಹೊಕ್ಕ ಸಂಗತಿ ಬಂದಾಗ ಗಡ್ಡದೊಳಗೆ ನಗು ತಡೆಯಲು ಬಹಳ ಕಷ್ಟಪಟ್ಟ. ಬಾಗಿಲು ಬಾಗಿಲೇ, ಅದರೊಳಗೆ ತಗ್ಗುವುದು ತಲೆಗೆ ಪೆಟ್ಟಾಗದಿರಲಿ ಅಂತ, ಅದನ್ನು ಯಾರೂ ಅಲ್ಲಾಹನಿಗೆ ಹಣೆ ಹಚ್ಚುವ ಸಜ್ದಾ ಅನ್ನುವುದಿಲ್ಲ, ಎಲ್ಲವೂ ನಿಯ್ಯತ್ತಿನ ಮೇಲೆ, ಮನಸ್ಸಿನ ಉದ್ದೇಶದ ಮೇಲೆ ಎಂದ. ಗೋಡೆಯ ಬಣ್ಣದ ಮಾತು ಬಂದಾಗ ಮಾತ್ರ ಅವನ ನಗು ಇಂಗಿತು. ಕುಸ್ತಿಯಲ್ಲಿ ಮಂದಿಯನ್ನು ಕೆಡವುವವನು ಬಲಶಾಲಿಯಲ್ಲ, ಸಿಟ್ಟು ಬಂದಾಗ ತನ್ನನ್ನು ಹಿಡಿದು ನಿಲ್ಲಿಸಿಕೊಳ್ಳುವವನು ಬಲಶಾಲಿ ಎಂದು ಪೈಗಂಬರರು ಹೇಳಿದ್ದನ್ನು ನೆನಪಿಸಿದ.

"ಕೆಡವೂದು ನಿಮ್ಮ ವಸ್ತಾದ್ ಕಲಿಸ್ಯಾರ. ತಡಕೊಳ್ಳೂದು ನಾ ಕಲಿಸಬೇಕಿತ್ತು. ಬರೀ ನಾಕು ಕಟ್ಟಳೆ ಹೇಳಿ ಕಳಿಸಿದೆ, ಅದು ನನ್ನ ಗುನ್ಹಾ. ಹೋಗಿ ಮಾಫಿ ಕೇಳು."

ಮತ್ತೆ ಪಾದದ ಮಾತು ಎಂದು ಉಮರಸಾಬ ಆಸೆಯಿಂದ ಕೇಳಿದ. ಮೌಲ್ವಿ ಸುಳ್ಳು ಹೇಳಿದ್ದರೆ ಅಂದೇ ಎಲ್ಲ ಸರಿಹೋಗುತ್ತಿತ್ತು. ಹೇಳಲಿಲ್ಲ. ಪಾದ ಮುಟ್ಟುವುದು ಪ್ರೀತಿ, ಅದರಲ್ಲಿ ತಪ್ಪಿಲ್ಲ, ಆದರೆ ಅದಕ್ಕಾಗಿ ನಮಾಜಿನಲ್ಲಿ ಸೊಂಟ ಬಗ್ಗಿಸಿ ರುಕೂ ಮಾಡಿದ ಹಾಗೆ ತಲೆ ಬಾಗಿಸು ಎಂದು ನನ್ನ ಬಾಯಿಂದ ಬರುವುದಿಲ್ಲ ಎಂದ. ಯಲಬುರ್ಗಿಯ ರಾಜಾಸಾಬ ಏನು ಮಾಡಿದನೋ ಅದು ಅವನಿಗೂ ಅಲ್ಲಾಹನಿಗೂ ಬಿಟ್ಟದ್ದು ಎಂದ.

ಉಮರಸಾಬ ಗರಡಿಗೆ ಹೋದ. ಎಲ್ಲರಂತೆ ತಲೆ ತಗ್ಗಿಸಿ ಬಾಗಿಲು ದಾಟಿದ. ಹುಚ್ಚೀರಪ್ಪನ ಮುಂದೆ ನಿಂತು, ನಾನು ಆಡಬಾರದ ಮಾತು ಆಡಿದೆ, ನನ್ನ ನಾಲಿಗೆಗೆ ಹುಳ ಬೀಳಲಿ ಎಂದು ಅತ್ತ. ಮುದುಕ ತನ್ನ ಚಾಚಿದ ಕಾಲಿನತ್ತ ಕೈ ತೋರಿಸಿದ.

"ಮಾತಿಗಿ ಮಾಫಿ ಐತಿ. ಪಾದಕ್ಕ?"

ಉಮರಸಾಬ ಕೈ ಇಳಿಬಿಟ್ಟು ನಿಂತೇ ಇದ್ದ. ಮುದುಕ ಕಾಯ್ದ. ಹನುಮಪ್ಪ ಗೋಡೆಯ ಮೇಲಿಂದ ಇಬ್ಬರನ್ನೂ ನೋಡಿದ. ಕಡೆಗೆ ಹುಚ್ಚೀರಪ್ಪ ಮುಖ ತಿರುಗಿಸಿ, "ಹಂಗಾರ ಹೋಗಪ್ಪಾ" ಎಂದ. ಲೇ ಎನ್ನುವವನು ಅಪ್ಪಾ ಎಂದದ್ದು ಉಮರಸಾಬನಿಗೆ ಕಪಾಳಕ್ಕೆ ಹೊಡೆದುದಕ್ಕಿಂತ ಹೆಚ್ಚು ನೋವಾಯಿತು.

ಅದಾದ ಮೇಲೆ ಊರೆಲ್ಲ ಮಾತಾಡುವಂಥ ಒಂದು ಸಂಗತಿ ನಡೆಯಿತು. ಹುಸೇನಬಾಷಾ ಮೌಲ್ವಿ ಒಂದು ಮಧ್ಯಾಹ್ನ ರುಮಾಲು ಕಂಕುಳಲ್ಲಿ ಇಟ್ಟುಕೊಂಡು, ಗಿಡ್ಡ ಬಾಗಿಲಲ್ಲಿ ತಗ್ಗಿ ಗರಡಿಯೊಳಗೆ ಹೋದ. ಒಳಗೆ ಇಬ್ಬರೂ ಏನು ಮಾತಾಡಿದರೋ ಯಾರಿಗೂ ತಿಳಿಯಲಿಲ್ಲ. ಪಕ್ಕೀರವ್ವ ಅವಲಕ್ಕಿ ಕೊಟ್ಟಳು, ಮೌಲ್ವಿ ತಿಂದ, ಬಿಸಿಲು ಇಳಿದ ಮೇಲೆ ಹೊರಗೆ ಬಂದ, ಅಷ್ಟೇ. ಉಮರಸಾಬ ದಾರಿಯಲ್ಲಿ ಅಡ್ಡ ನಿಂತು ಕೇಳಿದರೆ, ನಿನ್ನ ವಸ್ತಾದ ಛಲೋ ಮನುಷ್ಯ, ಭಾಳ ಹಟಮಾರಿ, ನಿನ್ನ ಹಾಂಗೇ ಎಂದನೇ ಹೊರತು ಇನ್ನೇನೂ ಹೇಳಲಿಲ್ಲ. ಗರಡಿಯಿಂದ ಕರೆ ಬರಲಿಲ್ಲ. ಕುಸ್ತಿಯ ದಿನ ಬಂತು.

ಉಮರಸಾಬ ಒಬ್ಬನೇ ಸರ್ವೀಸು ಮೋಟಾರು ಹತ್ತಿ ಕೊಪ್ಪಳಕ್ಕೆ ಹೋದ. ಕಣಕ್ಕೆ ಬಿಡುವುದಿಲ್ಲವೆಂದು ಗೊತ್ತಿತ್ತು. ಆದರೂ ಹೋದ. ಹೋಗದಿದ್ದರೆ, ಹುಚ್ಚೀರಪ್ಪ ಮಾತು ಕೊಟ್ಟು ಆಳು ಕಳಿಸಲಿಲ್ಲ ಎಂದು ವಸ್ತಾದನ ಹೆಸರಿಗೆ ಮಸಿ. ಹೋಗಿ ನಿಂತರೆ, ವಸ್ತಾದನೇ ಬೇಡವೆಂದ ಶಿಷ್ಯ ಇವನು ಎಂದು ಮಸಿಯೆಲ್ಲ ತನಗೆ. ಅದಾದರೂ ತನ್ನ ಕೈಯಲ್ಲಿತ್ತು. ಹೊತ್ತು ಇಳಿಯುವ ನಮಾಜು ಮುಗಿಸಿ, ಚಣ್ಣ ನೆನೆಸಿ ಹಾಕಿಕೊಂಡು, ಮೈಮೇಲೆ ಚಾದರ ಹೊದ್ದು ಜಿನ್ನಿನ ಅಂಗಳಕ್ಕೆ ಬಂದ. ಜನ ಕಿಕ್ಕಿರಿದಿತ್ತು. ಒಂದು ಬದಿಗೆ ಹತ್ತಿ ಒತ್ತಿ ಕಟ್ಟಿದ ಅಂಡಿಗೆಗಳನ್ನು ಗೋಡೆಯಂತೆ ಒಟ್ಟಿದ್ದರು. ಜಾಗ ಸಿಗದವರೆಲ್ಲ ಅವುಗಳ ಮೇಲೆ ಹತ್ತಿ ಕುಳಿತಿದ್ದರು. ಅವನು ಆ ಕಡೆ ಕಣ್ಣೆತ್ತಿ ನೋಡಲಿಲ್ಲ, ಯಾರ ಕಡೆಗೂ ನೋಡಲಿಲ್ಲ.

ಗಂಗಾವತಿಯ ಮಾರೆಪ್ಪ ಬಂದ. ಒಳ್ಳೆ ಹೋರಿಯಂಥ ಹುಡುಗ. ತನ್ನ ವಸ್ತಾದನ ಪಾದದ ಮೇಲೆ ಹಣೆಯಿಟ್ಟು ಎದ್ದು, ತೊಡೆ ತಟ್ಟಿ ಕಣದಲ್ಲಿ ನಿಂತ. ಮುದಿ ಪಂಚನೊಬ್ಬ ಕೈ ಎತ್ತಿ, ಕುಷ್ಟಗಿಯ ಪೈಲ್ವಾನನ ವಸ್ತಾದ ಯಾರು, ಮುಂದೆ ಬರಬೇಕು ಎಂದು ಕೂಗಿದ. ಯಾರೂ ಬರಲಿಲ್ಲ. ಎರಡನೆಯ ಸಲ ಕೂಗಿದ. ಜನ ಗುಜುಗುಜು ಎಂದರು. ಉಮರಸಾಬ ನೆಲ ನೋಡುತ್ತ, ತಪ್ಪೆಲ್ಲ ನನ್ನದು ಎಂದು ಹೇಳಲು ಬಾಯಿ ತೆರೆದ.

"ಲೇ ಉಮರ್ಯಾ, ನೆಲದಾಗ ಏನು ಹುಡುಕ್ತೀಯಲೇ? ಮ್ಯಾಲ ನೋಡು."

ಅವನು ತಲೆ ಎತ್ತಿದ. ಅಂಡಿಗೆಗಳ ಮೇಲೆ, ಮುಂದಿನ ಸಾಲಿನಲ್ಲಿ, ಹುಚ್ಚೀರಪ್ಪ ಕುಳಿತಿದ್ದ. ಒಂದು ಕಾಲು ಇಳಿಬಿದ್ದಿತ್ತು, ಮಡಚಲಾರದ ಕಾಲು ನೆಟ್ಟಗೆ ಜನರ ತಲೆಯ ಮೇಲೆ ಚಾಚಿತ್ತು. ಮುಖ ಬಿಸಿಲಿಗೆ ಕಪ್ಪಿಟ್ಟು, ರುಮಾಲು ಬೆವರಿಗೆ ತೊಯ್ದು ಹೋಗಿತ್ತು. ಆಮೇಲೆ ತಿಳಿದದ್ದು, ಮೆಟ್ಟಿಲು ಹತ್ತಲೂ ಕೈಲಾಗದ ಆ ಮುದುಕ ತನ್ನನ್ನು ಮೇಲಕ್ಕೆತ್ತುವುದನ್ನು ಜನ ನೋಡಬಾರದೆಂದು ಬೆಳಿಗ್ಗೆ ಅಂಗಳದಲ್ಲಿ ಯಾರೂ ಇಲ್ಲದಾಗಲೇ ಹಮಾಲರಿಂದ ಎತ್ತಿಸಿಕೊಂಡು ಹತ್ತಿದ್ದ. ಆಗಿನಿಂದ ಒಂದು ಗುಟುಕು ನೀರಿಲ್ಲದೆ ಅಲ್ಲಿಯೇ ಇದ್ದ.

ಉಮರಸಾಬ ಹತ್ತಿರ ಹೋದ. ನೆಟ್ಟಗೆ ನಿಂತರೆ ವಸ್ತಾದನ ಇಳಿಬಿದ್ದ ಪಾದ ಸರಿಯಾಗಿ ಅವನ ಮುಖದ ಮಟ್ಟಕ್ಕೆ, ಚಾಚಿದ ಪಾದ ಅದಕ್ಕೂ ಮೇಲೆ ಇತ್ತು.

"ನಿನ್ನ ತಲಿ ಕೆಳಗ ಬರಂಗಿಲ್ಲ ಅಂದಿ" ಎಂದ ಹುಚ್ಚೀರಪ್ಪ. "ಅದಕ್ಕ ನನ್ನ ಕಾಲು ಮ್ಯಾಲ ತಂದೀನಿ. ಮುಟ್ಟು."

ಉಮರಸಾಬ ಎರಡೂ ಕೈಯಲ್ಲಿ ಆ ಪಾದಗಳನ್ನು ಹಿಡಿದ. ಒಡೆದ ಹಿಮ್ಮಡಿ, ಗರಡಿಯ ಮಣ್ಣು ಕೂತು ಕೆಂಪಾದ ಉಗುರು. ಹಿಡಿದ ಕೈಗಳನ್ನು ಕಣ್ಣಿಗೆ ಒತ್ತಿಕೊಂಡ, ಮತ್ತೆ ಹಿಡಿದ, ಮತ್ತೆ ಒತ್ತಿಕೊಂಡ. ಇಷ್ಟು ಎತ್ತರದ ಆಳು ಮೂರು ತಾಲೂಕಿನ ಜನರ ಮುಂದೆ ಕೂಸಿನಂತೆ ಅತ್ತ. ಮುದುಕ ಬಗ್ಗಿ ಅವನ ತಲೆಯ ಮೇಲೆ ಕೈಯಿಟ್ಟ. ಬಗ್ಗಿದವನು ವಸ್ತಾದ, ಶಿಷ್ಯನಲ್ಲ. ಕುಷ್ಟಗಿಯಿಂದ ಕುಸ್ತಿ ನೋಡಲು ಬಂದು ಜನರ ನಡುವೆ ಕೊಡೆ ಹಿಡಿದು ಕುಳಿತಿದ್ದ ಹುಸೇನಬಾಷಾನನ್ನು ಪಕ್ಕದಲ್ಲಿದ್ದ ಯಾರೋ ಕೆಣಕಿ, ಇದು ನಿಮ್ಮಲ್ಲಿ ನಡೆಯುತ್ತದೇನ್ರೀ ಎಂದು ಕೇಳಿದರು. ಅವನು ಕನ್ನಡಕ ತೆಗೆದು ಒರೆಸುತ್ತ, "ಅವನ ತಲಿ ಎಲ್ಲಿ ಬಾಗೇತಿ ತೋರಿಸ್ರಿ" ಎಂದ. "ಮ್ಯಾಲ ನೋಡಾಕ ಹತ್ಯಾನ."

ಕುಸ್ತಿ ಬಹಳ ಹೊತ್ತು ನಡೆಯಿತು. ಮಾರೆಪ್ಪ ಕಸುವಿನವನು. ಒದ್ದೆ ಚಣ್ಣಕ್ಕೆ ಕೈಹಾಕಿ ಜಾರಿದ, ಸೊಂಟಕ್ಕೆ ಕೈಹಾಕಿ ಎತ್ತಿದ, ಉಮರಸಾಬ ಬಿದ್ದಂತೆ ಮಾಡಿ ತಿರುಗಿ ನಿಂತ. ಮೇಲಿನಿಂದ ಹುಚ್ಚೀರಪ್ಪ ಬಾಯಾರಿದ ಗಂಟಲಲ್ಲೇ ಒಂದೊಂದು ಪಟ್ಟಿನ ಹೆಸರು ಕೂಗಿ ಹೇಳುತ್ತಿದ್ದ. ಒಮ್ಮೆ ಮಾರೆಪ್ಪನ ಮೊಣಕೈ ತುಟಿಗೆ ಬಡಿದು ರಕ್ತ ಬಂದಾಗ ಉಮರಸಾಬನಿಗೆ ಸಿಟ್ಟು ಉಕ್ಕಿ ಕೈ ಮುಷ್ಟಿಯಾಯಿತು. ಮುಷ್ಟಿಯನ್ನು ಬಿಚ್ಚಿ ಮತ್ತೆ ಪಟ್ಟಿಗೆ ಹೋದ. ಅದನ್ನು ಕಂಡವರು ಆ ಅಂಗಳದಲ್ಲಿ ಇಬ್ಬರೇ, ಒಬ್ಬ ಅಂಡಿಗೆಯ ಮೇಲಿದ್ದವನು, ಇನ್ನೊಬ್ಬ ಕೊಡೆ ಹಿಡಿದವನು. ಕೊನೆಗೂ ಯಾರ ಬೆನ್ನೂ ಮಣ್ಣು ಕಾಣಲಿಲ್ಲ. ಹೊತ್ತು ಮುಳುಗಲು ಬಂದಾಗ ಪಂಚರು ಇಬ್ಬರ ಕೈಯನ್ನೂ ಮೇಲಕ್ಕೆತ್ತಿ ಸಮಸಮ ಎಂದು ಬಿಡಿಸಿದರು. ಮಾರೆಪ್ಪ ಉಮರಸಾಬನನ್ನು ಅಪ್ಪಿಕೊಂಡ. ಕಡಗ ಯಾರ ಕೈಗೂ ಬರಲಿಲ್ಲ.

ಜನ ಕರಗಿದರು. ಬೆಳಿಗ್ಗೆ ಎತ್ತಿ ಕೂರಿಸಿದ ಹಮಾಲರು ಎಲ್ಲಿ ಹೋದರೋ ಏನೋ. ಅಂಡಿಗೆಯ ಮೇಲೆ ಹುಚ್ಚೀರಪ್ಪ ಒಬ್ಬನೇ ಉಳಿದು, ಕೆಳಗೆ ನೋಡಿ, ಮೀಸೆ ತಿರುವಿ, ಏನೂ ಆಗದವನಂತೆ ಕುಳಿತಿದ್ದ. ಉಮರಸಾಬ ಬಂದು ಎರಡೂ ತೋಳು ಚಾಚಿದ. ಮುದುಕ ಮೊದಲು ಬೇಡವೆಂದ, ಆಮೇಲೆ ಬೈದ, ಆಮೇಲೆ ಆ ತೋಳಿನೊಳಕ್ಕೆ ಜಾರಿದ. ಹಿಡಿ ಹತ್ತಿಯಷ್ಟೂ ಭಾರವಿರಲಿಲ್ಲ. ಈ ಮನುಷ್ಯ ಇಷ್ಟು ಯಾವಾಗ ಸಣ್ಣಗಾದ ಎಂದುಕೊಂಡು ಉಮರಸಾಬ ಅವನನ್ನು ಎದೆಗೆ ಒತ್ತಿಕೊಂಡ. ಕೆಳಗಿಳಿಸಬೇಕೆಂದು ಅವನು ಮುಂದಕ್ಕೆ ವಾಲಿದಾಗ ಮುದುಕ ಗಾಬರಿಯಿಂದ ಅವನ ಕುತ್ತಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ತಡಿಲೇ, ಬಗ್ಗಬ್ಯಾಡ. ಮಂದಿ ಇನ್ನೂ ಅದಾರ, ನಿಮ್ಮ ಮೌಲ್ವಿನೂ ಅಲ್ಲೇ ನಿಂತಾರ. ನೆಟ್ಟಗ ನಿಲ್ಲು, ನಾನ ಜಿಗೀತೀನಿ."

ಆ ಕಾಲಿನಲ್ಲಿ ಜಿಗಿಯುತ್ತಾನಂತೆ. ಉಮರಸಾಬನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು.

"ಸುಮ್ಮನಿರ್ರಿ ವಸ್ತಾದರ. ಇದು ಬಾಗೂದಲ್ಲ, ಇಳಿಸೂದು."

ಹಾಗೆಂದು ಅವನು ಎಲ್ಲರ ಮುಂದೆ ಸೊಂಟ ಬಗ್ಗಿಸಿದ, ತಲೆ ಬಗ್ಗಿಸಿದ, ನೆಲ ಮುಟ್ಟುವಷ್ಟು ಬಗ್ಗಿಸಿದ. ಮುದುಕನ ಒಳ್ಳೆಯ ಕಾಲು ಮೊದಲು ನೆಲ ಹುಡುಕಿತು, ಆಮೇಲೆ ಮಡಚಲಾರದ ಕಾಲು. ಅವನು ಸರಿಯಾಗಿ ನಿಲ್ಲುವವರೆಗೂ ಉಮರಸಾಬ ಹಾಗೆಯೇ ಬಗ್ಗಿ ಹಿಡಿದಿದ್ದ. ದೂರದಲ್ಲಿ ಮೌಲ್ವಿ ಕೊಡೆ ಮಡಚಿಕೊಂಡು ಮಸೀದಿಯ ಕಡೆ ಹೊರಟಿದ್ದ. ಹುಚ್ಚೀರಪ್ಪ ಪಡುವಣದ ಆಕಾಶ ನೋಡಿ, ಹೊತ್ತು ಮುಳುಗಿತು, ನಿನ್ನ ನಮಾಜು ಹೋದೀತು, ಕೈಕಾಲು ತೊಳೆದುಕೋ ನಡಿ ಎಂದು ಗದರಿದ. ಗದರುತ್ತಲೇ ತನ್ನ ಧೋತರದ ಚುಂಗಿನಿಂದ ಶಿಷ್ಯನ ಹಣೆಗೆ ಅಂಟಿದ ಕಣದ ಮಣ್ಣನ್ನು ಒರೆಸತೊಡಗಿದ.